ಕೂತಲ್ಲಿಗೇ ಕೈಕೆಲಸ: ಹಿರಿಯರಿಗೆ ಮಡಲು, ಹಾಳೆ, ಹಳೆ ಸೀರೆ

ಕೃಷಿಕನಿಗೆ ವಯಸ್ಸಾಯಿತು ಎಂದು ಗೊತ್ತಾಗುವುದು ಹುಟ್ಟಿದ ವರ್ಷದ ಲೆಕ್ಕದಿಂದಲ್ಲ, ತೋಟಕ್ಕೆ ಇಳಿಯಲಿಕ್ಕೆ ಆಗದ ದಿನ. ಕೈ ಇನ್ನೂ ಗಟ್ಟಿ ಉಂಟು, ಕಣ್ಣೂ ಪರವಾಗಿಲ್ಲ, ಮೊಣಗಂಟು ಮಾತ್ರ ಕೇಳುವುದಿಲ್ಲ. ನಮ್ಮ ಕರಾವಳಿ, ಮಲೆನಾಡಿನ ತೋಟಗಳು ಹೆಚ್ಚಿನವು ಮನೆಯಿಂದ ತಗ್ಗಿನಲ್ಲಿ. ಇಳಿದರೆ ಹತ್ತಬೇಕು. ಹಾಗಾಗಿ ಹಿರಿಯರು ಜಗಲಿಯಲ್ಲಿ ಕೂರುತ್ತಾರೆ. ಮಕ್ಕಳು, "ಇಷ್ಟು ವರ್ಷ ದುಡಿದದ್ದು ಸಾಕು, ಇನ್ನು ಆರಾಮ ಮಾಡಿ" ಅನ್ನುತ್ತಾರೆ. ಪ್ರೀತಿಯ ಮಾತೇ. ಆದರೆ ಐವತ್ತು ವರ್ಷ ಕತ್ತಿ ಹಿಡಿದ ಕೈಗೆ ಆರಾಮ ಒಂದು ವಾರಕ್ಕೆ ಸಾಕು. ಆಮೇಲೆ ಅದು ಶಿಕ್ಷೆ.

ಕೂತಲ್ಲಿಗೇ ಮಾಡಬಹುದಾದ ಕೆಲಸ ನಮ್ಮ ಮನೆಗಳಲ್ಲಿ ಇಲ್ಲವೆ? ಬೇಕಾದಷ್ಟು ಉಂಟು. ಅದಕ್ಕೆ ಬೇಕಾದ ಸಾಮಾನು ಪೇಟೆಯಿಂದ ತರಬೇಕಾಗಿಲ್ಲ. ತೋಟದಲ್ಲಿ ಬಿದ್ದದ್ದು, ಕಪಾಟಿನಲ್ಲಿ ಹಳತಾದದ್ದು ಸಾಕು. ಒಂದೇ ಶರ್ತ: ಮಾಡಿದ ವಸ್ತು ಮನೆಗೆ ನಿಜವಾಗಿ ಬೇಕಾಗಿರಬೇಕು. ಹೊತ್ತು ಹೋಗಲಿಕ್ಕೆ ಕೊಟ್ಟ ಕೆಲಸ ಯಾವುದು, ಮನೆಗೆ ಬೇಕಾಗಿ ಕೊಟ್ಟ ಕೆಲಸ ಯಾವುದು ಎಂದು ಹಿರಿಯರಿಗೆ ಕೂಡಲೇ ಗೊತ್ತಾಗುತ್ತದೆ.

ಹಿಡಿಸೂಡಿ

ಅಂಗಳ ಗುಡಿಸುವ ಕಡ್ಡಿ ಪೊರಕೆಯಿಂದ ಶುರು ಮಾಡಬಹುದು. ಆರೋಗ್ಯದ ತೆಂಗಿನಮರ ವರ್ಷಕ್ಕೆ ಸುಮಾರು 12 ಮಡಲು ಬಿಡುತ್ತದೆ. ಒಂದು ಮಡಲಿನಲ್ಲಿ 200ರಿಂದ 250 ಗರಿ. ಒಂದು ಗರಿಗೆ ಒಂದು ಕಡ್ಡಿ. ಎರಡು ಮಡಲಿನ ಕಡ್ಡಿ ಸೇರಿದರೆ ಕೈತುಂಬ ಹಿಡಿಯುವ ಒಂದು ಸೂಡಿ ಆಯಿತು. ದಿನಕ್ಕೆ ಅರ್ಧ ಮಡಲು ಕೀಸಿದರೂ ನಾಲ್ಕು ದಿನಕ್ಕೆ ಒಂದು ಸೂಡಿ.

ಹಸಿ ಮಡಲಿನ ಕಡ್ಡಿ ಬಾಗುತ್ತದೆ, ಬಾಳಿಕೆಯೂ ಹೆಚ್ಚು. ಬಿದ್ದು ಒಣಗಿದ ಮಡಲಾದರೆ ಒಂದು ರಾತ್ರಿ ನೀರು ಚಿಮುಕಿಸಿ ಗೋಣಿ ಮುಚ್ಚಿಡಿ. ಕೀಸುವಾಗ ಕಡ್ಡಿ ಮುರಿಯುವುದು ಕಡಿಮೆ. ಕೀಸಿದ ಕಡ್ಡಿಯನ್ನು ಬಿಸಿಲಿಗೆ ಒಣಗಿಸಿದ ಮೇಲೆಯೇ ಕಟ್ಟಬೇಕು. ಹಸಿಯಾಗಿ ಕಟ್ಟಿದರೆ ಕಡ್ಡಿ ಸೊರಗಿ ಕಟ್ಟು ಸಡಿಲವಾಗುತ್ತದೆ. ಬುಡ ಒಂದೇ ಕಡೆ ಮಾಡಿ, ನೆಲಕ್ಕೆ ಕುಟ್ಟಿ ಸಮ ಮಾಡಿ, ಎರಡು ಕಡೆ ಬಿಗಿಯಾಗಿ ಕಟ್ಟು ಹಾಕಿ. ಆಮೇಲೆ ಬುಡದ ನಡುವೆ ಇನ್ನೊಂದಿಷ್ಟು ಕಡ್ಡಿ ತುರುಕಿದರೆ ಕಟ್ಟು ಇನ್ನೂ ಬಿಗಿಯುತ್ತದೆ. ಗಿಡ್ಡ ಕಡ್ಡಿಗಳನ್ನು ಬಿಸಾಡಬೇಡಿ. ಎಲೆ ಚುಚ್ಚಲಿಕ್ಕೆ, ದೊನ್ನೆ ಮಾಡಲಿಕ್ಕೆ ಬರುತ್ತದೆ.

ಅಡಿಕೆ ಒಣಗಿಸುವ ಅಂಗಳ ಇರುವ ಮನೆಗೆ ವರ್ಷಕ್ಕೆ ಒಂದೆರಡು ಸೂಡಿ ಸಾಲುವುದಿಲ್ಲ. ಮಿಕ್ಕಿದ್ದನ್ನು ಮಗಳ ಮನೆಗೆ ಕಳುಹಿಸಬಹುದು. ಅಪ್ಪ ಕಟ್ಟಿದ ಸೂಡಿ ಎಂದರೆ ಅದರ ತೂಕವೇ ಬೇರೆ.

ಹಾಳೆ ಬೀಸಣಿಗೆ

ಒಂದು ಅಡಿಕೆಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಬಿದ್ದ ಒಂದೆರಡು ದಿನದೊಳಗೆ ಎತ್ತಿದ ಹಾಳೆಯೇ ಆಗಬೇಕು. ಮಳೆಗೆ ನೆನೆದು ಬೂಷ್ಟು ಹಿಡಿದದ್ದು ಪ್ರಯೋಜನವಿಲ್ಲ. ಒಣಗಿದ ಹಾಳೆಯನ್ನು ಅರ್ಧ-ಮುಕ್ಕಾಲು ಗಂಟೆ ನೀರಲ್ಲಿ ಮುಳುಗಿಸಿಟ್ಟರೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಹಲಗೆಯ ಅಡಿ ಹಾಕಿ ಮೇಲೆ ಕಲ್ಲು ಹೇರಿ ಒಂದೆರಡು ದಿನ ಬಿಡಿ. ಸಪಾಟಾದ ಮೇಲೆ ಬೇಕಾದ ಆಕಾರಕ್ಕೆ ಕತ್ತರಿಸಿ. ಸೋಗೆಯ ಕಡೆಯ ದಪ್ಪ ದಂಟನ್ನು ಒಂದು ಗೇಣು ಉಳಿಸಿಕೊಂಡರೆ ಅದೇ ಹಿಡಿ.

ಹಾಳೆ ಸೀಳುವುದು ನಾರಿನ ಉದ್ದಕ್ಕೆ. ಅಂಚಿನ ಸುತ್ತ ಹಳೆ ಬಟ್ಟೆಯ ಪಟ್ಟಿ ಮಡಚಿ ಹೊಲಿದರೆ ಬೀಸಣಿಗೆ ಬಾಳುತ್ತದೆ. ಕರೆಂಟು ಹೋದ ರಾತ್ರಿ ಇದರ ಬೆಲೆ ಗೊತ್ತಾಗುತ್ತದೆ. ನೆನೆಸಿದ ಇಡೀ ಹಾಳೆಯ ಎರಡು ತುದಿ ಮಡಚಿ ಕಡ್ಡಿ ಚುಚ್ಚಿದರೆ ದೋಣಿಯಂಥ ಪಾತ್ರೆ. ಕಾಳುಮೆಣಸು ಹೆಕ್ಕುವಾಗ, ಬೀಜ ಒಣಗಿಸುವಾಗ ಉಪಯೋಗ.

ಮುಟ್ಟಾಳೆ ಮಾತ್ರ ಇಷ್ಟು ಸುಲಭ ಅಲ್ಲ. ಮಡಿಕೆ ಎಲ್ಲಿ ಬರಬೇಕು, ತಲೆಗೆ ಅಳತೆ ಹೇಗೆ ಎಂಬುದನ್ನು ಕಾಗದದಲ್ಲಿ ಬರೆದು ಕಲಿಸಲಿಕ್ಕೆ ಆಗುವುದಿಲ್ಲ, ಪಕ್ಕದಲ್ಲಿ ಕೂತು ನೋಡಬೇಕು. ನಿಮ್ಮ ಊರಿನಲ್ಲಿ ಅದನ್ನು ಹೊಲಿಯುವ ಒಬ್ಬ ಹಿರಿಯರು ಇನ್ನೂ ಇದ್ದರೆ ಈ ಬೇಸಿಗೆಯಲ್ಲೇ ಹೋಗಿ ಕೂತುಕೊಳ್ಳಿ.

ಹಳೆ ಸೀರೆಯ ಕಾಲೊರಸು

ನೂಲಿನ ಸೀರೆಯ ಸೆರಗಿನ ಅಂಚಿಗೆ ನಾಲ್ಕು ಇಂಚಿಗೊಂದು ಕಚ್ಚು ಕೊಟ್ಟು ಎಳೆದರೆ ಉದ್ದಕ್ಕೆ ನೇರ ಹರಿಯುತ್ತದೆ. ಒಂದು ಸೀರೆಯಲ್ಲಿ ಹತ್ತು-ಹನ್ನೊಂದು ಪಟ್ಟಿ. ಮೂರು ಪಟ್ಟಿ ಸೇರಿಸಿ ಜಡೆ ಹೆಣೆಯಿರಿ. ಪಟ್ಟಿ ಮುಗಿದಲ್ಲಿ ಇನ್ನೊಂದನ್ನು ಹೊಲಿದು ಮುಂದುವರಿಸಬೇಕು. ಮೂರೂ ಎಳೆಯ ಜೋಡಣೆ ಒಂದೇ ಕಡೆ ಬಂದರೆ ಅಲ್ಲಿ ಗಂಟು ಗಂಟಾಗುತ್ತದೆ. ಜಡೆಯನ್ನು ಚಕ್ಕುಲಿಯ ಹಾಗೆ ಸುತ್ತಿ, ಸುತ್ತಿಗೆ ಸುತ್ತು ದಪ್ಪ ನೂಲಿನಲ್ಲಿ ಹೊಲಿಯುತ್ತಾ ಹೋಗಿ. ಹೊಲಿಯುವಾಗ ಮಡಿಲಲ್ಲಿ ಇಟ್ಟುಕೊಂಡರೆ ಬಟ್ಟಲಿನ ಹಾಗೆ ಎದ್ದು ನಿಲ್ಲುತ್ತದೆ. ಮೇಜಿನ ಮೇಲೋ ನೆಲದ ಮೇಲೋ ಸಪಾಟಾಗಿ ಇಟ್ಟೇ ಹೊಲಿಯಬೇಕು. ಒಂದು ಸೀರೆಗೆ ಒಂದೂವರೆ ಅಡಿ ಮೀರಿದ ಕಾಲೊರಸು ಆಗುತ್ತದೆ.

ಇದೇ ಜಡೆ ಕರುವಿನ ಕೊರಳಿಗೂ ಆದೀತು. ನೈಲಾನ್ ಹಗ್ಗದ ಹಾಗೆ ಉಜ್ಜಿ ಗಾಯ ಮಾಡುವುದಿಲ್ಲ. ಕರು ಜಗಿಯುವಷ್ಟು ತುದಿ ಬಿಡಬಾರದು, ಅಷ್ಟೇ.

ಬಟ್ಟೆ ಹೊಲಿಗೆಯ ಮಾತು ಬಂದಾಗ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರ ಕೌದಿಯನ್ನು ಹೇಳದೆ ಇರಲಿಕ್ಕಾಗದು. ಹಳೆ ಸೀರೆಯನ್ನು ಅಡಿಗೆ ಹಾಸಿ, ಹರಿದ ಬಟ್ಟೆಯ ತುಂಡುಗಳನ್ನು ಮೇಲಿಟ್ಟು, ಮೂಲೆಯಿಂದ ಶುರು ಮಾಡಿ ಸುತ್ತ ಸುತ್ತ ನಡುವಿಗೆ ಹೊಲಿದುಕೊಂಡು ಬರುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಮುಕ್ಕೋನದ ತುಂಡು, ಅದಕ್ಕೆ 'ಫೂಲ' ಅನ್ನುತ್ತಾರೆ. ತೊಟ್ಟಿಲ ಕೂಸಿಗೆ ಸಣ್ಣದು, ದೊಡ್ಡವರಿಗೆ ದೊಡ್ಡದು. ಈ ಕೌದಿಗಳು ಹೊರದೇಶದ ಪ್ರದರ್ಶನಕ್ಕೂ ಹೋಗಿವೆ. ಮಾಡಿದ್ದು ಮಾತ್ರ ಹರಿದ ಸೀರೆ, ಒಂದು ಸೂಜಿ, ಒಂದು ನೂಲುಂಡೆಯಿಂದ.

ಹತ್ತಿ ಬತ್ತಿ

ಕಣ್ಣು ಮಂದವಾದವರಿಗೆ, ಸೂಜಿ-ಕತ್ತಿ ಬೇಡ ಅನ್ನುವವರಿಗೆ ಇದು ಹೇಳಿಸಿದ ಕೆಲಸ. ಹಿತ್ತಿಲಲ್ಲಿ ಒಂದೆರಡು ಹತ್ತಿ ಗಿಡ ಇದ್ದರೆ ಮನೆ ಖರ್ಚಿಗೆ ಬೇಕಾದಷ್ಟು ಹತ್ತಿ. ಬೀಜ ಬಿಡಿಸಿ, ಬೆರಳಲ್ಲಿ ಎಳೆದು ಹಗುರ ಮಾಡಿ ಹೊಸೆಯುವುದು. ಉದ್ದ ಬತ್ತಿ, ಹೂಬತ್ತಿ, ಗೆಜ್ಜೆವಸ್ತ್ರ ಯಾವುದೂ ಆದೀತು. ಕೆಲವರು ಲಕ್ಷಬತ್ತಿಯ ಹರಕೆ ಹೊರುತ್ತಾರೆ. ದಿನಕ್ಕೆ 300 ಹೊಸೆದರೂ ಲಕ್ಷ ಮುಗಿಯಲಿಕ್ಕೆ ಹನ್ನೊಂದು ತಿಂಗಳು ಬೇಕು! ಹರಕೆ ಹೊತ್ತವರಿಗೆ ವರ್ಷವಿಡೀ ಬೆಳಗಾದರೆ ಒಂದು ಕೆಲಸ ಉಂಟು ಎಂಬ ಧೈರ್ಯ ಇರುತ್ತದೆ. ಹಿಂದಿನವರು ಇದನ್ನೆಲ್ಲ ಯೋಚಿಸಿಯೇ ಮಾಡಿದ್ದಿರಬೇಕು.

ಜಾಗ್ರತೆ

ಬೆಳಗ್ಗೆ ಎದ್ದ ಕೂಡಲೇ ಬೆರಳು ಮರಗಟ್ಟಿದ ಹಾಗಿರುವವರು ಉಗುರುಬೆಚ್ಚಗಿನ ನೀರಲ್ಲಿ ಕೈ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಕೆಲಸ ಹಿಡಿಯಲಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ನೆಲದಲ್ಲಿ ಕೂರಲಿಕ್ಕೆ ಆಗದವರಿಗೆ ಬೆನ್ನು ಆನಿಸುವ ಕುರ್ಚಿ, ಎದುರಿಗೆ ಒಂದು ಮೇಜು. ಬೆಳಕು ಪಕ್ಕದಿಂದ ಬೀಳಲಿ. ಮೊಂಡು ಕತ್ತಿ ಹರಿತದ ಕತ್ತಿಗಿಂತ ಅಪಾಯ. ಒತ್ತಿ ಹಿಡಿಯಬೇಕಾಗಿ ಜಾರುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಸೂಜಿ ಹಿಡಿಯುವಾಗ ಬೆರಳಿಗೆ ಬಟ್ಟೆ ಸುತ್ತಿಕೊಳ್ಳಬೇಕು. ಸಣ್ಣ ಗಾಯವನ್ನೂ ಸಸಾರ ಮಾಡಬಾರದು.

ಮರೆವು ಹೆಚ್ಚಾದ ಹಿರಿಯರ ಬಗ್ಗೆ ಒಂದು ಮಾತು. ಮೊಮ್ಮಕ್ಕಳ ಹೆಸರು ತಪ್ಪಿದರೂ, ಹಳೆಯ ಕೈಕೆಲಸವನ್ನು ಕೈ ಬಹಳ ಕಾಲ ಮರೆಯುವುದಿಲ್ಲ. ಜಡೆ ಹೆಣೆಯುವುದು, ಬತ್ತಿ ಹೊಸೆಯುವುದು, ಹುರಿ ಮಾಡುವುದು ಇಂಥದ್ದನ್ನು ಎದುರಿಗೆ ಇಟ್ಟು ನೋಡಿ. ಹೊಸದು ಕಲಿಸಲಿಕ್ಕೆ ಹೋಗಬೇಡಿ. ಕತ್ತಿ, ಕತ್ತರಿ ಮಾತ್ರ ದೂರ ಇರಲಿ.

ಮನೆಯವರ ಪಾಲು

ಹಿರಿಯರು ಕೈಕೆಲಸ ಬಿಟ್ಟದ್ದು ಏಕೆ ಎಂದು ನಾಲ್ಕು ಮನೆಯಲ್ಲಿ ಕೇಳಿ ನೋಡಿ. "ಕೈಲಾಗುದಿಲ್ಲ" ಎನ್ನುವವರು ಕಡಿಮೆ. "ಮಡಲು ಎಳ್ಕೊಂಡು ಬರುವವರು ಯಾರು ಮಾರಾಯ್ರೆ?" ಎನ್ನುವವರು ಜಾಸ್ತಿ. ಕೆಲಸ ನಿಲ್ಲುವುದು ಕೈಯಲ್ಲಿ ಅಲ್ಲ, ತೋಟಕ್ಕೂ ಜಗಲಿಗೂ ನಡುವಿನ ದಾರಿಯಲ್ಲಿ.

ಹಾಗಾಗಿ ಮನೆಯ ಪ್ರಾಯದವರು ಮಾಡಬೇಕಾದ್ದು ಇಷ್ಟು. ವಾರಕ್ಕೊಮ್ಮೆ ಮಡಲು, ಹಾಳೆ ಜಗಲಿಗೆ ಮುಟ್ಟಿಸಿ. ಕತ್ತಿ ಮಸೆದು ಕೊಡಿ. ಮಾಡಿದ್ದನ್ನು ಉಪಯೋಗಿಸಿ, ಅಜ್ಜಿಯ ಕಾಲೊರಸನ್ನು ಅಟ್ಟಕ್ಕೆ ಹಾಕಿ ಪೇಟೆಯದ್ದನ್ನು ಬಾಗಿಲಿಗೆ ಹಾಸಿದರೆ ಆ ದಿನಕ್ಕೇ ಕೆಲಸ ನಿಂತಿತು. ಸ್ವಲ್ಪ ವಕ್ರವಾದರೂ "ಹಾಗಲ್ಲ, ಹೀಗೆ" ಎಂದು ಬಿಚ್ಚಿ ಸರಿ ಮಾಡಲಿಕ್ಕೆ ಹೋಗಬೇಡಿ.

ಇದನ್ನು ಮಾರಿ ಮನೆ ನಡೆಯಲಿಕ್ಕಿಲ್ಲ. ಜಾತ್ರೆಗೋ ಸಂತೆಗೋ ನಾಲ್ಕು ಸೂಡಿ ಹೋದರೆ ಆ ದುಡ್ಡು ಮಾಡಿದವರ ಕೈಗೇ ಸೇರಲಿ. ಎಲೆಅಡಿಕೆಯ ಖರ್ಚಿಗೂ ಮಗನ ಹತ್ತಿರ ಕೇಳಬೇಕಾದವರಿಗೆ ಅದು ಸಣ್ಣ ಸಂಗತಿ ಅಲ್ಲ.

ರಜೆಯಲ್ಲಿ ಬಂದ ಮಕ್ಕಳನ್ನು ಒಂದು ಹೊತ್ತು ಜಗಲಿಯಲ್ಲಿ ಕೂರಿಸಿ. ಒಂದು ಕಡ್ಡಿ ಕೀಸಲಿ, ಒಂದು ಜಡೆ ಹೆಣೆಯಲಿ. ಕಲಿಸುವವರಿಗೆ ಎಪ್ಪತ್ತು-ಎಂಬತ್ತು ದಾಟಿದೆ. ಮಡಲು, ಹಾಳೆ ಮುಂದಿನ ವರ್ಷವೂ ಬೀಳುತ್ತದೆ; ಕಲಿಸುವ ಕೈ ಮುಂದಿನ ವರ್ಷ ಇರುತ್ತದೆ ಎಂದು ಹೇಳಲಿಕ್ಕೆ ಬರುವುದಿಲ್ಲ.