ಮಾದರಿ ರೈಲಿನ ವ್ಯಾಗನ್‌ಗೆ ಸರಪಳಿ ಕೊಂಡಿ: ಮನೆಯಲ್ಲೇ ಮಾಡೋದು ಹೇಗೆ?

ಮೈಸೂರು: 1979ರಿಂದ ರೈಲು ಮ್ಯೂಸಿಯಂ ಇರೋ ಊರಲ್ಲಿ ರೈಲು ಹುಚ್ಚಿನ ಮಕ್ಕಳಿಗೆ ಬರವಿಲ್ಲ. ಎಚ್‌ಒ ಅಳತೆಯ, ಅಂದರೆ ನಿಜ ರೈಲಿನ 87ನೇ ಒಂದು ಪಾಲಿನ ವ್ಯಾಗನ್ ಜೋಡಿಸುವ ಸರಪಳಿಯನ್ನು ಹೊರಗಿಂದ ತರಿಸಲೇಬೇಕು ಅಂತಿಲ್ಲ.

ಅರ್ಧ ಮಿ.ಮೀ. ದಪ್ಪದ ಹಿತ್ತಾಳೆ ತಂತಿಯನ್ನು 3 ಮಿ.ಮೀ. ಮೊಳೆಗೆ ಒತ್ತೊತ್ತಾಗಿ ಸುತ್ತಿ. ಸುರುಳಿ ಹೊರತೆಗೆದು ಉದ್ದಕ್ಕೆ ಕತ್ತರಿಸಿದರೆ ಉಂಗುರಗಳು ಬಿಡಿಬಿಡಿಯಾಗುತ್ತವೆ. ಅಶೋಕ ರಸ್ತೆ ಕಡೆಯ ಅಕ್ಕಸಾಲಿಗರಿಗೆ ಇದು ಗೊತ್ತಿರೋ ಕೆಲಸವೇ. ಮೂರು ಉಂಗುರ ಪೋಣಿಸಿ, ಇಕ್ಕುಳದಲ್ಲಿ ಬಾಯಿ ಮುಚ್ಚಿ, ವ್ಯಾಗನ್ ಕೊಕ್ಕೆಗೆ ಹಾಕಿ.

ಸರಪಳಿ ತೀರಾ ಗಿಡ್ಡವಾದರೆ ತಿರುವಿನಲ್ಲಿ ಬಫರ್‌ಗೆ ಬಫರ್ ಸಿಕ್ಕಿಕೊಂಡು ವ್ಯಾಗನ್ ಹಳಿ ತಪ್ಪುತ್ತೆ. ಸ್ವಲ್ಪ ಸಡಿಲ ಬಿಡಿ. ಸರಪಳಿ ಎಳೆಯುತ್ತೆ ಅಷ್ಟೇ, ಹಿಂದಕ್ಕೆ ತಳ್ಳೋದು ಬಫರ್ ಕೆಲಸ. ಎರಡೂ ಇದ್ದರೇನೇ ರೈಲು ಸರಿಯಾಗಿ ಓಡೋದು.

ನೆನಪಿಡಿ: ಸರಪಳಿ ಒಪ್ಪೋದು ಹಳೇ ಕಾಲದ ವ್ಯಾಗನ್‌ಗೆ. ಈಗಿನ ಗೂಡ್ಸ್ ರೈಲಿನಲ್ಲಿ ಇರೋದು ಸೆಂಟರ್ ಬಫರ್ ಕಪ್ಲರ್.