ಒಂದು ವಿಶೇಷಣದ ವ್ಯಾಜ್ಯ

ವಿಶೇಷಣವೆಂಬುದು ನಾಮಪದವನ್ನು ಆತುಕೊಂಡು ನಿಲ್ಲುವ ಒಂದು ಬಡ ಪದವೆಂದು ವ್ಯಾಕರಣದ ಉಪಾಧ್ಯಾಯರು ಹುಡುಗರಿಗೆ ಹೇಳಿಕೊಡುತ್ತಾರೆ. ನಾನೂ ಹಾಗೆಯೇ ಹೇಳಿಕೊಟ್ಟಿದ್ದೇನೆ. ಅದನ್ನು ಕಿತ್ತುಹಾಕಿದರೂ ವಾಕ್ಯ ಬಿದ್ದುಹೋಗುವುದಿಲ್ಲ. ಕೊಂಚ ಬಣ್ಣಗೆಡುತ್ತದೆ, ಅಷ್ಟೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸೈನ್ಯ ಬಿಟ್ಟು ಬಂದವನ ಕಾಗದಪತ್ರಗಳನ್ನು ನೋಡಿದರೆ ಈ ಪಾಠವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಅಲ್ಲಿ ‘ಬಿಡುಗಡೆ’ ಎಂಬ ನಾಮಪದ ಒಂಟಿಯಾಗಿ ಬರುವುದು ವಿರಳ. ಅದರೊಡನೆ ಒಂದು ವಿಶೇಷಣ ಬರುತ್ತದೆ. ಆ ವಿಶೇಷಣವೇ ಮುಂದೆ ಆ ಮನುಷ್ಯನ ನೌಕರಿ, ವಿದ್ಯಾಭ್ಯಾಸ, ಔಷಧೋಪಚಾರ, ಕೊನೆಗೆ ನೆರೆಹೊರೆಯಲ್ಲಿ ಅವನ ಹೆಸರು, ಇವೆಲ್ಲಕ್ಕೂ ಯಜಮಾನನಾಗಿ ಕುಳಿತುಬಿಡುತ್ತದೆ.

ಈ ವಿಶೇಷಣಗಳಲ್ಲಿ ಐದು ಮೆಟ್ಟಿಲುಗಳುಂಟು. ಮೇಲಿನದು ‘ಗೌರವಯುತ’. ಅದರ ಕೆಳಗಿನದು ‘ಸಾಮಾನ್ಯ’. ಇದನ್ನೂ ಗೌರವದ ಸ್ಥಿತಿಯಲ್ಲಿ ಕೊಟ್ಟದ್ದೆಂದೇ ಹೇಳುತ್ತಾರಾದರೂ, ಇದನ್ನು ಪಡೆದವನಿಗೆ ಸೈನಿಕರ ವಿದ್ಯಾಭ್ಯಾಸಕ್ಕೆಂದು ಸರ್ಕಾರ ಕೊಡುವ ಪ್ರಸಿದ್ಧ ಸಹಾಯಧನ ತಪ್ಪಿಹೋಗುತ್ತದೆ. ಮೂರನೆಯದು ‘ಗೌರವೇತರ ಸ್ಥಿತಿಯಲ್ಲಿ’ ಎಂಬುದು. ಉಳಿದೆರಡು, ‘ದುರ್ನಡತೆಯ’ ಮತ್ತು ‘ಅಗೌರವದ’ ಬಿಡುಗಡೆಗಳು, ಸೈನಿಕ ನ್ಯಾಯಾಲಯದ ಶಿಕ್ಷೆಯಾಗಿ ಮಾತ್ರ ಬರತಕ್ಕವು. ಮೊದಲಿನ ಮೂರಕ್ಕೆ ನ್ಯಾಯಾಲಯ ಬೇಕಿಲ್ಲ. ಕಚೇರಿಯ ಆಜ್ಞೆ ಸಾಕು. ತೊಡಕೆಲ್ಲ ಇರುವುದು ಈ ಮೂರನೆಯ ಮೆಟ್ಟಿಲಿನಲ್ಲಿಯೇ. ತಪ್ಪಿತಸ್ಥನೆಂದು ಯಾವ ನ್ಯಾಯಾಧೀಶನೂ ನುಡಿಯದಿದ್ದರೂ, ತಪ್ಪಿತಸ್ಥನಂತೆ ಬಾಳಬೇಕಾದ ಮೆಟ್ಟಿಲು ಅದು.

ನಿತ್ಯಸೇವೆಯ ಸೈನಿಕನಿಗಾದರೋ ಬ್ಯಾರಕ್ಕೇ ಮನೆ. ಅವನು ಮಾಡಿದ್ದು ಮಾಡದ್ದೆಲ್ಲ ಮೇಲಧಿಕಾರಿಯ ಕಣ್ಣ ಮುಂದೆಯೇ ನಡೆಯುತ್ತದೆ. ಮೀಸಲು ಪಡೆಯವನ ಪಾಡು ಬೇರೆ. ಅವನು ಒಬ್ಬ ಗುಮಾಸ್ತೆಯೋ, ಲಾರಿ ಚಾಲಕನೋ, ಕಾಲೇಜು ವಿದ್ಯಾರ್ಥಿಯೋ ಆಗಿರುತ್ತಾನೆ. ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ಸಮವಸ್ತ್ರ ತೊಡುತ್ತಾನೆ. ಮಿಕ್ಕ ದಿನಗಳಲ್ಲಿ ಅವನಿಗೂ ಪಡೆಗೂ ನಡುವೆ ಇರುವ ಸಂಬಂಧವೆಂದರೆ ಅಂಚೆಯದು, ದೂರವಾಣಿಯದು. ಒಂದು ವಾರಾಂತ್ಯವನ್ನು ನಾಲ್ಕು ಹಾಜರಿಗಳೆಂದು ಲೆಕ್ಕ ಹಿಡಿಯುತ್ತಾರೆ. ಭೂಸೇನೆಯ ಮೀಸಲು ಪಡೆಯಲ್ಲಿ ಒಂದು ವರ್ಷದೊಳಗೆ ಅನುಮತಿಯಿಲ್ಲದ ಒಂಬತ್ತು ಗೈರುಹಾಜರಿಗಳಾದರೆ ಅವನು ‘ಅತೃಪ್ತಿಕರವಾಗಿ ಭಾಗವಹಿಸುವವನು’ ಎಂಬ ಪಟ್ಟಿಗೆ ಸೇರುತ್ತಾನೆ. ಎರಡು ವಾರಾಂತ್ಯ ತಪ್ಪಿ, ಮೂರನೆಯದರ ಬೆಳಗಿನ ಹಾಜರಿಯೊಂದು ತಪ್ಪಿದರೆ ಲೆಕ್ಕ ಸರಿಹೋಯಿತು!

ವಾಚಕರು ಒಬ್ಬ ತರುಣನನ್ನು ಊಹಿಸಿಕೊಳ್ಳಲಿ. ಅವನ ಊರಿನ ಕಾರ್ಖಾನೆ ಮುಚ್ಚಿತು. ಇನ್ನೂರು ಮೈಲಿ ದೂರದ ಪಟ್ಟಣದಲ್ಲಿ ಕೆಲಸ ದೊರೆಯಿತು. ತಾಯಿಗೆ ಕಾಯಿಲೆ. ವಿಳಾಸ ಬದಲಾದದ್ದನ್ನು ಪಡೆಗೆ ತಿಳಿಸಲು ಮರೆತ, ಅಥವಾ ತಿಳಿಸಿದರೂ ಅದು ಯಾರ ಮೇಜಿನ ಮೇಲೋ ಉಳಿಯಿತು. ನೋಟೀಸು ರಿಜಿಸ್ಟರ್ಡ್ ಅಂಚೆಯಲ್ಲಿ ಹಳೆಯ ವಿಳಾಸಕ್ಕೆ ಹೋಯಿತು, ಪಡೆಯುವವರಿಲ್ಲದೆ ಹಿಂದಿರುಗಿತು. ಕೊನೆಯದಾಗಿ ಗೊತ್ತಿದ್ದ ವಿಳಾಸಕ್ಕೆ ಕಳುಹಿಸಿದ ಮೇಲೆ ಅದು ತಲುಪಲಿಲ್ಲವೆಂಬ ಮಾತಿಗೆ ಬೆಲೆಯಿಲ್ಲ. ಅಧಿಕಾರಿಗಳ ಮಂಡಲಿಯ ಮುಂದೆ ತನ್ನ ವಾದವನ್ನು ಹೇಳಿಕೊಳ್ಳುವ ಹಕ್ಕು ಅವನಿಗಿತ್ತು. ಗೊತ್ತಾದ ಅವಧಿಯೊಳಗೆ ಉತ್ತರ ಬಾರದ್ದರಿಂದ ಆ ಹಕ್ಕನ್ನು ಅವನೇ ಬಿಟ್ಟುಕೊಟ್ಟನೆಂದಾಯಿತು. ಹೀಗೆ, ತಾನು ಓದದ ಕಾಗದದಲ್ಲಿ, ತಾನಿಲ್ಲದ ಕೋಣೆಯಲ್ಲಿ, ಅವನ ಹೆಸರಿಗೆ ಆ ಮೂರನೆಯ ವಿಶೇಷಣ ಅಂಟಿಕೊಂಡಿತು. ಅದರೊಡನೆ ಅವನ ದರ್ಜೆಯೂ ಸಿಪಾಯಿಗಳಲ್ಲೆಲ್ಲ ಕೆಳಗಿನದಕ್ಕೆ ಇಳಿಯಿತು. ಎಷ್ಟೋ ವರ್ಷಗಳ ಮೇಲೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದಾಗಲೇ ಅವನಿಗೆ ಸಂಗತಿ ತಿಳಿಯುವುದೂ ಉಂಟು.

ನಮ್ಮ ಹಳೆಯ ಕಾವ್ಯ ಶಾಸನಗಳಲ್ಲಿ ‘ಜೋಳವಾಳಿ’ ಎಂಬ ಮಾತು ಬರುತ್ತದೆ. ಉಂಡ ಜೋಳದ ಋಣಕ್ಕೆ ಒಡೆಯನ ಪರವಾಗಿ ಕಾದುವುದು ಆಳಿನ ಧರ್ಮವೆಂದು ಅದರ ಅರ್ಥ. ಕಾದಿ ಸತ್ತವನಿಗೆ ವೀರಗಲ್ಲು ನೆಟ್ಟರು. ಬದುಕಿ ಹಿಂದಿರುಗಿದವನ ಋಣ ಎಷ್ಟು ತೀರಿತೆಂದು ಅಳೆದು ಬರೆದುಕೊಡುವ ಕಚೇರಿಯನ್ನು ಮಾತ್ರ ಆ ಕಾಲದವರು ಕಂಡಿರಲಿಲ್ಲ.

ಅಮೆರಿಕದಲ್ಲಿ ಈ ಅಳತೆಯ ಇತಿಹಾಸ ಅಷ್ಟು ಉಜ್ವಲವಾದುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗೌರವಯುತವೂ ಅಲ್ಲದ, ಅಗೌರವದ್ದೂ ಅಲ್ಲದ ಒಂದು ಬಿಡುಗಡೆಯಿತ್ತು. ನೀಲಿ ಕಾಗದದ ಮೇಲೆ ಅಚ್ಚಾಗುತ್ತಿದ್ದುದರಿಂದ ಅದಕ್ಕೆ ‘ನೀಲಿ ಬಿಡುಗಡೆ’ ಎಂದೇ ಹೆಸರಾಯಿತು. 1941ರ ಡಿಸೆಂಬರಿನಿಂದ 1945ರ ಜೂನ್ ಕೊನೆಯವರೆಗೆ ಭೂಸೇನೆ ಇಂಥ 48,603 ಕಾಗದಗಳನ್ನು ಹಂಚಿತು. ಅವುಗಳಲ್ಲಿ 10,806 ಕಾಗದಗಳು ಕರಿಯ ಸೈನಿಕರ ಪಾಲಿಗೆ ಬಂದವು. ಸೈನ್ಯದಲ್ಲಿ ಅವರು ನೂರಕ್ಕೆ ಏಳರಷ್ಟೂ ಇರಲಿಲ್ಲ. ನೀಲಿ ಕಾಗದದಲ್ಲಿ ನೂರಕ್ಕೆ ಇಪ್ಪತ್ತೆರಡಾದರು. ಸಲಿಂಗಾನುರಾಗಿಗಳೆಂಬ ಸಂಶಯಕ್ಕೆ ಗುರಿಯಾದವರಿಗೂ ಈ ಕಾಗದವೇ ಗತಿಯಾಯಿತು. ಕರಿಯರ ಪತ್ರಿಕೆಯಾದ ‘ಪಿಟ್ಸ್‌ಬರ್ಗ್ ಕೂರಿಯರ್’ ಇದರ ವಿರುದ್ಧ ದೊಡ್ಡ ಕೂಗೆಬ್ಬಿಸಿತು. 1947ರಲ್ಲಿ ನೀಲಿ ಕಾಗದ ಹೋಯಿತು, ವಿಶೇಷಣ ಹೋಗಲಿಲ್ಲ.

ಕಳಂಕ ತೊಳೆಯುವ ಏರ್ಪಾಡೂ ಅದೇ ಕಾಲದಲ್ಲಿ ಹುಟ್ಟಿತು. ಸೈನಿಕರ ಪುನರ್ವಸತಿಗಾಗಿ 1944ರಲ್ಲಿ ಆದ ಕಾಯಿದೆ ‘ಬಿಡುಗಡೆ ಪುನರ್ವಿಮರ್ಶಾ ಮಂಡಲಿ’ಗಳನ್ನು ಸ್ಥಾಪಿಸಿತು. ಅದಕ್ಕೂ ಮೇಲಿನ ‘ದಾಖಲೆ ತಿದ್ದುಪಡಿ ಮಂಡಲಿ’ಗಳಿಗೆ 1946ರ ಕಾಯಿದೆ ದಾರಿ ಮಾಡಿತು. ಅಲ್ಲಿಯವರೆಗೆ ಒಬ್ಬ ಸಿಪಾಯಿಯ ಕಾಗದದಲ್ಲಿ ಒಂದು ಪದ ತಿದ್ದಿಸಬೇಕಾದರೆ ಕಾಂಗ್ರೆಸ್ಸಿನಲ್ಲಿ ಅವನೊಬ್ಬನಿಗಾಗಿ ಖಾಸಗಿ ಮಸೂದೆಯೊಂದನ್ನು ತರಬೇಕಾಗಿತ್ತು. ಅಂಥ ಮಸೂದೆಗಳ ಹೊರೆಯಿಂದ ಪಾರಾಗುವುದೇ ಶಾಸಕರ ಉದ್ದೇಶವಾಗಿತ್ತೆಂದರೆ ಅನ್ಯಾಯವಾಗದು.

ಮೀಸಲು ಸೈನಿಕನ ಪರವಾಗಿ 1952ರ ಕಾಯಿದೆ ಒಂದು ಗಟ್ಟಿಯಾದ ಬೇಲಿಯನ್ನು ಹಾಕಿತು. ಸೈನಿಕ ನ್ಯಾಯಾಲಯದ ತೀರ್ಪಾಗಲಿ, ಅಧಿಕಾರಿಗಳ ಮಂಡಲಿಯ ನಿರ್ಣಯವಾಗಲಿ, ಅವನ ಸ್ವಂತ ಒಪ್ಪಿಗೆಯಾಗಲಿ ಇಲ್ಲದೆ ಗೌರವೇತರ ವಿಶೇಷಣವನ್ನು ಅವನಿಗೆ ಅಂಟಿಸಕೂಡದು. ಆಗ ಕಮ್ಯೂನಿಸ್ಟರ ಭಯ ಆ ದೇಶವನ್ನು ಆವರಿಸಿತ್ತು. ಸೈನ್ಯಕ್ಕೆ ಸೇರುವ ಮೊದಲು ಒಬ್ಬನು ಯಾವ ಸಂಘದಲ್ಲಿದ್ದ, ಯಾರ ಸ್ನೇಹ ಮಾಡಿದ್ದ ಎಂಬುದರ ಮೇಲೂ ಬಿಡುಗಡೆಯ ಬಣ್ಣ ನಿರ್ಧಾರವಾಗುತ್ತಿತ್ತು. 1958ರಲ್ಲಿ, ಹಾರ್ಮನ್ ಎಂಬಾತನು ಭೂಸೇನಾ ಕಾರ್ಯದರ್ಶಿ ಬ್ರಕರನ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ, ಬಿಡುಗಡೆಯ ವಿಶೇಷಣ ಸೈನ್ಯದಲ್ಲಿ ಮಾಡಿದ ಸೇವೆಯ ದಾಖಲೆಯನ್ನೇ ಆಧರಿಸಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. 1961ರಲ್ಲಿ ನೌಕಾದಳದ ಮೀಸಲು ಪಡೆಗೆ ಸೇರಿದ್ದ ಬ್ಲಾಂಡ್ ಎಂಬಾತನ ಮೊಕದ್ದಮೆ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯಕ್ಕೆ ಬಂತು. ತನ್ನ ವಿರುದ್ಧ ನುಡಿದವರನ್ನು ಎದುರಿಸುವ ಅವಕಾಶವಿಲ್ಲದೆ ಕೊಟ್ಟ ಕಳಂಕದ ಬಿಡುಗಡೆ ಅಲ್ಲಿ ನಿಲ್ಲಲಿಲ್ಲ. ಆ ಮೊಕದ್ದಮೆಯ ಪ್ರತಿವಾದಿ, ಅಂದಿನ ನೌಕಾ ಕಾರ್ಯದರ್ಶಿ ಜಾನ್ ಕಾನಲಿ. 1963ರಲ್ಲಿ ಡಲ್ಲಾಸಿನಲ್ಲಿ ಅಧ್ಯಕ್ಷ ಕೆನೆಡಿಯವರ ಕಾರಿನಲ್ಲಿ ಕುಳಿತು ಗುಂಡೇಟು ತಿಂದು ಬದುಕಿದವರು ಅವರೇ. ಇಂದಿನ ನಿಯಮದಂತೆ ಮೀಸಲು ಸೈನಿಕನು ಸೇವೆಯಲ್ಲಿಲ್ಲದ ದಿನಗಳಲ್ಲಿ ನಾಗರಿಕನಾಗಿ ಮಾಡಿದ ಕೃತ್ಯ ಅವನ ಸೈನಿಕ ಕರ್ತವ್ಯಕ್ಕೆ ನೇರವಾಗಿ ತಟ್ಟಿದ್ದರೆ ಮಾತ್ರ ಗೌರವೇತರ ಬಿಡುಗಡೆಗೆ ಕಾರಣವಾಗಬಹುದು.

ಇನ್ನು ತಿದ್ದಿಸಿಕೊಳ್ಳುವ ಬಗೆ. ಬಿಡುಗಡೆಯಾಗಿ 15 ವರ್ಷ ಕಳೆಯದಿದ್ದರೆ 293ನೆಯ ಫಾರಮಿನಲ್ಲಿ ಪುನರ್ವಿಮರ್ಶಾ ಮಂಡಲಿಗೆ ಅರ್ಜಿ. ಕಳೆದಿದ್ದರೆ, ಅಥವಾ ಅಲ್ಲಿ ಸೋತರೆ, 149ನೆಯ ಫಾರಮಿನಲ್ಲಿ ತಿದ್ದುಪಡಿ ಮಂಡಲಿಗೆ. ಈ ಎರಡನೆಯದಕ್ಕೆ ತಪ್ಪು ಗೊತ್ತಾದ ಮೂರು ವರ್ಷದೊಳಗೆ ಹೋಗಬೇಕೆಂದಿದ್ದರೂ, ನ್ಯಾಯದ ಹಿತಕ್ಕಾಗಿ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಲಿಗುಂಟು. ಆರು ತಿಂಗಳು ಸುಮ್ಮನಿದ್ದರೆ ವಿಶೇಷಣ ತಾನೇ ಮೇಲೇರುತ್ತದೆಂಬ ವದಂತಿಯೊಂದು ಸಿಪಾಯಿಗಳಲ್ಲಿ ಬಹಳ ಕಾಲದಿಂದ ಇದೆ. ಅದು ಶುದ್ಧ ಸುಳ್ಳು. ಎಷ್ಟು ಜನ ಅದನ್ನು ನಂಬಿ ಕೆಟ್ಟರೋ!

ಮಂಡಲಿಯ ಮುಂದೆ ಎರಡು ಪ್ರಶ್ನೆಗಳು: ನಿಯಮದಂತೆ ನಡೆಯಿತೆ? ನಡೆದದ್ದು ನ್ಯಾಯವಾಯಿತೆ? ಇವಕ್ಕೂ ಮೊದಲು ಒಂದು ಕಲ್ಲುಗೋಡೆಯಿದೆ. ಸರ್ಕಾರ ಮಾಡಿದ್ದು ಕ್ರಮವಾಗಿಯೇ ಇರಬೇಕೆಂದು ಮಂಡಲಿ ಭಾವಿಸಿ ಹೊರಡುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ಆದ್ದರಿಂದ ನಮ್ಮ ತರುಣನು ಹಿಂದಿರುಗಿದ ಲಕೋಟೆಯ ಮೇಲಿನ ಅಂಚೆ ಮುದ್ರೆಯನ್ನು, ಆ ತಿಂಗಳ ಬಾಡಿಗೆ ರಸೀದಿಯನ್ನು, ತಾಯಿಯ ಆಸ್ಪತ್ರೆಯ ಚೀಟಿಯನ್ನು, ಹಳೆಯ ಸಾರ್ಜೆಂಟನ ಪತ್ರವನ್ನು ಹುಡುಕಿಕೊಂಡು ಅಲೆಯಬೇಕು. ಹತ್ತು ವರ್ಷದ ಹಿಂದಿನ ಬಾಡಿಗೆ ರಸೀದಿಯನ್ನು ಯಾರು ಇಟ್ಟುಕೊಂಡಿರುತ್ತಾರೆ? ಸರ್ಕಾರವೇ ತನ್ನ ಕಾಗದವನ್ನು ಉಳಿಸಿಕೊಳ್ಳಲಿಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಯ ದಾಖಲೆ ಭವನಕ್ಕೆ ಬೆಂಕಿ ಬಿದ್ದು 160 ರಿಂದ 180 ಲಕ್ಷ ಕಡತಗಳು ಸುಟ್ಟುಹೋದವು; 1912ರಿಂದ 1960ರ ಮೊದಲ ದಿನದವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಅದರಲ್ಲಿ ಸೇರಿದ್ದವು.

ಇತ್ತೀಚೆಗೆ ಗೋಡೆ ಸ್ವಲ್ಪ ತಗ್ಗಿದೆ. ಯುದ್ಧದ ಆಘಾತದಿಂದ ಮನಸ್ಸು ಕದಡಿದವರ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದು 2014ರಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಆಜ್ಞೆ ಮಾಡಿದರು. ಅವರು ವಿಯೆಟ್ನಾಮಿನಲ್ಲಿ ಸಾರ್ಜೆಂಟರಾಗಿ ಗಾಯಗೊಂಡಿದ್ದವರು. ಮೇಜಿನ ಹಿಂದೆ ಅಂಥವರೊಬ್ಬರು ಕುಳಿತದ್ದು ಆಕಸ್ಮಿಕವಿರಬಹುದು, ವ್ಯರ್ಥವಾಗಲಿಲ್ಲ. 2017 ಮತ್ತು 2018ರ ಆಜ್ಞೆಗಳು ಈ ಔದಾರ್ಯವನ್ನು ವಿಸ್ತರಿಸಿದವು. ಬಿಡುಗಡೆಯ ನಂತರದ ಸನ್ನಡತೆಯನ್ನೂ ತೂಕಕ್ಕೆ ತಂದವು. ಪರದೇಶದಿಂದ ಹೋಗಿ ಸೈನ್ಯ ಸೇರಿದವನಿಗಂತೂ ಇದು ಇನ್ನೂ ಹತ್ತಿರದ ಸಂಗತಿ: ಸೈನ್ಯಸೇವೆಯ ಬಲದಿಂದ ಪಡೆದ ಪೌರತ್ವವನ್ನು, ಐದು ವರ್ಷದ ಗೌರವದ ಸೇವೆ ತುಂಬುವ ಮೊದಲೇ ಗೌರವೇತರ ಬಿಡುಗಡೆಯಾದರೆ, ಹಿಂದಕ್ಕೆ ಪಡೆಯಲು ಅಲ್ಲಿನ ಕಾಯಿದೆ ಎಡೆ ಕೊಡುತ್ತದೆ.

ಅರ್ಜಿ ಗೆದ್ದವನಿಗೆ ಬರುವ ಆಜ್ಞೆಯ ಒಕ್ಕಣೆ ಸ್ವಾರಸ್ಯವಾದುದು. ಈತನ ಬಳಿ ಈಗಿರುವ ಕಾಗದಕ್ಕೆ ಬದಲಾಗಿ ಅದೇ ತಾರೀಖಿನ ಗೌರವಯುತ ಬಿಡುಗಡೆಯ ಪತ್ರವನ್ನು ಕೊಡತಕ್ಕದ್ದು ಎಂಬ ಧಾಟಿಯಲ್ಲಿ ಅದು ಇರುತ್ತದೆ. ಹೊಸ ಪತ್ರ, ಹಳೆಯ ತಾರೀಖು. ನಡುವೆ ಕಳೆದ ವರ್ಷಗಳ ಲೆಕ್ಕಕ್ಕೆ ಅದರಲ್ಲಿ ಅಂಕಣವಿಲ್ಲ.