ಮರಳಿಲ್ಲದ ಕಡಲತೀರದ ಮಾರಾಟ

ನಿವೃತ್ತಿಯ ನಂತರ ನಾನು ನೆಲೆಸಿರುವ ಕುಮಟಾ ತಾಲ್ಲೂಕಿನ ಧಾರೇಶ್ವರದಲ್ಲಿ ಮರಳಿಗೆ ಬರವಿಲ್ಲ. ಹೀಗಾಗಿ ಮರಳೇ ಇಲ್ಲದ ಕಡಲತೀರವನ್ನು ಹಣ ಪಡೆದು ಮಾರಿದ ಪ್ರಸಂಗವನ್ನು ಮೊಮ್ಮಗ ವಿವರಿಸಿದಾಗ ಮೊದಲು ನಗು ಬಂತು. ಯೋಚಿಸಿದಂತೆ, ಇದು ಕೇವಲ ಮಕ್ಕಳಾಟದ ವಿಷಯವಲ್ಲ ಎನಿಸಿತು.

'ಸಿಟೀಸ್: ಸ್ಕೈಲೈನ್ಸ್ 2' ನಗರ ಕಟ್ಟುವ ಕಂಪ್ಯೂಟರ್ ಆಟ. ಫಿನ್‌ಲೆಂಡಿನ ಕಲೋಸಲ್ ಆರ್ಡರ್ ರೂಪಿಸಿದ ಇದನ್ನು ಸ್ವೀಡನ್ನಿನ ಪ್ಯಾರಡಾಕ್ಸ್ 2023ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿತು. ದುಬಾರಿ ಕಂಪ್ಯೂಟರುಗಳಲ್ಲೂ ಅದು ತೆವಳುತ್ತಿತ್ತು. ಆ ದೋಷಗಳು ಪೂರ್ತಿ ನೀಗುವ ಮೊದಲೇ, 2024ರ ಮಾರ್ಚ್‌ನಲ್ಲಿ, 'ಬೀಚ್ ಪ್ರಾಪರ್ಟೀಸ್' ಎಂಬ ಆಡ್-ಆನ್, ಅಂದರೆ ಮೂಲ ಆಟಕ್ಕೆ ಜೋಡಿಸುವ ಹೆಚ್ಚುವರಿ ಭಾಗ, ಸುಮಾರು 10 ಡಾಲರ್ ಬೆಲೆಗೆ ಬಂತು. ಅದರಲ್ಲಿ ನೀರಂಚಿನ ಮನೆಗಳಿದ್ದವು, ಪಾಮ್ ಮರಗಳಿದ್ದವು, ಕಡಲತೀರವೇ ಇರಲಿಲ್ಲ. ಕೊಂಡವರ ಆಕ್ರೋಶಕ್ಕೆ ಮಣಿದು ಮೂರು ವಾರಗಳಲ್ಲಿ ಎರಡೂ ಸಂಸ್ಥೆಗಳು ಕ್ಷಮೆ ಕೋರಿದವು, ಬಿಡಿಯಾಗಿ ಕೊಂಡವರಿಗೆ ಹಣ ಮರಳಿಸಲು ಒಪ್ಪಿದವು. ಮೂಲ ಆಟದ ಜೊತೆಗೇ ದೊಡ್ಡ ಕಟ್ಟಾಗಿ ಕೊಂಡವರಿಗೆ ಮಾತ್ರ ಹಣದ ಬದಲು ಇನ್ನಷ್ಟು ಆಡ್-ಆನ್‌ಗಳ ಭರವಸೆ ಸಿಕ್ಕಿತು! ಮಜ್ಜಿಗೆ ಹುಳಿಯೆಂದವನಿಗೆ ಅದೇ ಗಡಿಗೆಯಿಂದ ಇನ್ನೊಂದು ಲೋಟ ಕೊಟ್ಟಂತೆ.

ಆಟಗಳು ಕಾರ್ಟ್ರಿಜ್‌ಗಳಲ್ಲಿ ಮಾರಾಟವಾಗುತ್ತಿದ್ದ ಕಾಲದಲ್ಲಿ, ಸರಕು ಅಂಗಡಿ ತಲುಪಿದ ಮೇಲೆ ತಿದ್ದುವಂತಿರಲಿಲ್ಲ. ಆದ್ದರಿಂದ ಪರೀಕ್ಷೆಯ ವೆಚ್ಚವನ್ನು ತಯಾರಕನೇ ಮುಂಚಿತವಾಗಿ ಭರಿಸಬೇಕಿತ್ತು. ಅಂತರ್ಜಾಲ ಬಂದ ಮೇಲೆ ತಿದ್ದುಪಡಿ ಅಗ್ಗವಾಯಿತು. ಪರೀಕ್ಷೆಯ ಹೊಣೆ ಸದ್ದಿಲ್ಲದೆ ಕೊಳ್ಳುವವನಿಗೆ ವರ್ಗವಾಯಿತು. ಗುಣಮಟ್ಟ ಮಾರುವವನಿಗಷ್ಟೇ ಗೊತ್ತಿರುವ ಪೇಟೆಯಲ್ಲಿ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದ್ದರು. ಆಡ್-ಆನ್‌ಗಳ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಮೂಲ ಆಟಕ್ಕೆ ಹಣವನ್ನೂ ನೂರಾರು ಗಂಟೆಗಳನ್ನೂ ಸುರಿದವನು ಬೇರೆ ಅಂಗಡಿಗೆ ಹೋಗಲಾರ.

ಸ್ಟೀಮ್ ಎಂಬ ಪ್ರಮುಖ ಮಾರಾಟ ತಾಣದ ನಿಯಮದಂತೆ 14 ದಿನಗಳೊಳಗೆ, ಅದೂ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಮರಳಿ ಕೇಳಬಹುದು. ನಗರವೊಂದನ್ನು ಕಟ್ಟುವ ಆಟದ ಲೋಪಗಳು ಎರಡು ಗಂಟೆಯಲ್ಲಿ ಬಯಲಾಗುತ್ತವೆಯೇ?

ನಮ್ಮ ವ್ಯವಸ್ಥೆ ತೆರಿಗೆಯ ಮಟ್ಟಿಗೆ ಚುರುಕು. ಸಿದ್ಧ ತಂತ್ರಾಂಶವೂ ಸರಕೇ, ಅದಕ್ಕೆ ಮಾರಾಟ ತೆರಿಗೆ ವಿಧಿಸಬಹುದು ಎಂದು ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಇ-ವಾಣಿಜ್ಯದ ವ್ಯಾಖ್ಯೆಯಲ್ಲಿ ಡಿಜಿಟಲ್ ಉತ್ಪನ್ನಗಳೂ ಸೇರಿವೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಆದರೂ ಎಂಟುನೂರು ಚಿಲ್ಲರೆ ರೂಪಾಯಿಗಾಗಿ ಕಾರವಾರದ ಆಯೋಗದ ಮುಂದೆ ವಾದಿಸಲು ಯಾರಿಗೆ ಪುರುಸೊತ್ತಿದೆ? ಈ ಉದಾಸೀನವೇ ಮಾರುವವರ ಬಂಡವಾಳ.

ಮೂಲ ಆಟದ ಯಾವ ಆವೃತ್ತಿಯೊಡನೆ, ಯಾವ ಬಗೆಯ ಕಂಪ್ಯೂಟರುಗಳಲ್ಲಿ ಪರೀಕ್ಷಿಸಲಾಗಿದೆ, ಗೊತ್ತಿದ್ದೂ ಉಳಿದಿರುವ ದೋಷಗಳಾವುವು ಎಂಬುದನ್ನು ಬೆಲೆಯ ಪಕ್ಕದಲ್ಲೇ ನಮೂದಿಸಬೇಕೆಂದು ನಿಯಮ ಮಾಡುವುದು ಕಷ್ಟವಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ, ತಯಾರಿಕೆಯ ದಿನಾಂಕಗಳನ್ನು ಅಚ್ಚು ಹಾಕಿಸಲು ನಾವು ಯಾರ ಅಪ್ಪಣೆಗೂ ಕಾಯಲಿಲ್ಲ.